ಗುರುತು ಹಿಡಿದವರು

ಮನುಷ್ಯರಿಬ್ಬರು ತಮ್ಮ ತಂಟೆಯನ್ನು ಮೂರನೆಯವನೊಬ್ಬನ ಮುಂದಿಟ್ಟು ತೀರ್ಪು ಕೇಳಿದ ಕಾಲದಿಂದ ಇಂದಿನವರೆಗೆ, ನ್ಯಾಯಸ್ಥಾನವು ಎಲ್ಲಕ್ಕಿಂತ ಹೆಚ್ಚಾಗಿ ಅಂಜಿಕೊಂಡು ಬಂದಿರುವುದು ಸುಳ್ಳುಸಾಕ್ಷಿಗೆ. ಸುಳ್ಳನ್ನು ಬಯಲಿಗೆಳೆಯುವುದಕ್ಕಾಗಿ ಅದು ಕಟ್ಟಿಕೊಂಡಿರುವ ಉಪಾಯಗಳು ಅನೇಕ: ಆಣೆ, ಪ್ರಮಾಣ, ಪಾಟೀಸವಾಲು, ರಾಜದಂಡದ ಭಯ, ನರಕದ ಭಯ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದುಕೊಂಡು ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕೈಗೆತ್ತಿಕೊಂಡ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ತೆರೆದು ನೋಡಿದರೆ, ಸಾಕ್ಷಿಗಳು ಕನಿಷ್ಠ ಮೂವರಿರಬೇಕು, ಅವರು ಕುಲೀನರೂ ದಾನಶೀಲರೂ ಸತ್ಯವಾದಿಗಳೂ ಆಗಿರಬೇಕು ಎಂಬ ವಿಧಿಯೊಡನೆ, ದುಷ್ಟಸಾಕ್ಷಿಯನ್ನು ಅವನ ಮೈಯ ಚಿಹ್ನೆಗಳಿಂದಲೇ ಕಂಡುಹಿಡಿಯುವ ಬಗೆಯೂ ಅಲ್ಲಿ ದೊರೆಯುವುದು. ನಿಂತಲ್ಲಿ ನಿಲ್ಲದೆ ಅತ್ತಿತ್ತ ಸರಿದಾಡುವವನು, ಕಟವಾಯಿಯನ್ನು ನಾಲಗೆಯಿಂದ ಸವರಿಕೊಳ್ಳುವವನು, ಹಣೆ ಬೆವರುವವನು, ಮುಖದ ಬಣ್ಣ ಕೆಡುವವನು, ಬಾಯೊಣಗಿ ಮಾತು ತೊದಲುವವನು, ಇಂಥವನನ್ನು ನ್ಯಾಯಾಧಿಕಾರಿಯು ಸಂಶಯದಿಂದ ನೋಡಬೇಕೆಂಬುದು ಶಾಸ್ತ್ರದ ಸೂಚನೆ. ಮನುವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾಕ್ಷ್ಯವು ಸುಳ್ಳಾಗುವುದಕ್ಕೆ ಲೋಭ, ಭಯ, ಸ್ನೇಹ, ಕಾಮ, ಕ್ರೋಧಗಳಷ್ಟೇ ಅಲ್ಲದೆ ಮೋಹ, ಅಜ್ಞಾನ, ಬಾಲಿಶತೆಗಳೂ ಕಾರಣವಾಗಬಹುದೆಂದು ಎಣಿಸಿರುವನು. ಆದರೆ ಎಣಿಸಿದ ಮರುಗಳಿಗೆಯಲ್ಲೇ ಅವುಗಳಿಗೂ ದಂಡವನ್ನು ವಿಧಿಸಿರುವನು: ಅಜ್ಞಾನದಿಂದ ತಪ್ಪಿ ನುಡಿದವನಿಗೆ ಪೂರಾ 200 ಪಣ, ಬಾಲಿಶತೆಯಿಂದ ನುಡಿದವನಿಗೆ 100. ತಪ್ಪಿದ ಕಣ್ಣು ಸಹ ಅಲ್ಲಿ ಅಪರಾಧಿಯೇ. ಅದನ್ನು ದಂಡಿಸಿದರೆ ಸರಿಹೋಯಿತು.

ಇದರಲ್ಲಿ ನನಗೊಂದು ಆಶ್ಚರ್ಯವುಂಟು. ಇದೇ ನಾಡಿನ ತತ್ತ್ವಶಾಸ್ತ್ರಜ್ಞರು ಕಣ್ಣಿನ ಭ್ರಮೆಯನ್ನು ಕುರಿತು ಶತಮಾನಗಳ ಕಾಲ ವಾದಿಸಿದರು. ಮಬ್ಬುಗತ್ತಲೆಯಲ್ಲಿ ಹಗ್ಗವು ಹಾವಾಗಿ ತೋರುವುದೇಕೆ, ಮುತ್ತಿನ ಚಿಪ್ಪು ಬೆಳ್ಳಿಯಾಗಿ ಹೊಳೆಯುವುದೇಕೆ ಎಂಬ ಪ್ರಶ್ನೆಗಳಿಗೆ ಒಂದೊಂದು ದರ್ಶನವೂ ಒಂದೊಂದು ಖ್ಯಾತಿವಾದವನ್ನು ಹೂಡಿತು. ಗೌತಮನ ನ್ಯಾಯಸೂತ್ರವು ಪ್ರತ್ಯಕ್ಷದ ಲಕ್ಷಣವನ್ನು ಹೇಳುವಾಗಲೇ ಅದು ಅವ್ಯಭಿಚಾರಿಯಾಗಿರಬೇಕು, ಎಂದರೆ ತಪ್ಪದಂಥದಾಗಿರಬೇಕು, ಎಂಬ ನಿರ್ಬಂಧವನ್ನು ಸೇರಿಸಿತು. ಅಕ್ಷರ ಬಾರದ ನಮ್ಮ ಹಿರಿಯರು ಸಹ ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಗಾದೆ ಕಟ್ಟಿದರು. ಇಷ್ಟಾದರೂ ದರ್ಶನಶಾಸ್ತ್ರದ ಹಗ್ಗವಾಗಲಿ ಹಾವಾಗಲಿ ರಾಜಸಭೆಯ ವ್ಯವಹಾರಕ್ಕೆ ಇಳಿದು ಬಂದಂತೆ ಕಾಣುವುದಿಲ್ಲ. ಬೆವರದೆ, ತೊದಲದೆ, ಯಾರ ಮೇಲೂ ಹಗೆಯಿಲ್ಲದೆ, ಅಂತಃಕರಣಪೂರ್ವಕವಾಗಿ ಇವನೇ ಅವನು ಎಂದು ಬೆರಳೆತ್ತಿ ತೋರಿಸಿ, ಆ ಬೆರಳು ತಪ್ಪಾಗಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಯನ್ನು ಲೋಕದ ನ್ಯಾಯಸ್ಥಾನಗಳು ಇಪ್ಪತ್ತನೆಯ ಶತಮಾನದ ಹೊಸ್ತಿಲಿನವರೆಗೂ ನೆಟ್ಟಗೆ ಎದುರಿಸಲಿಲ್ಲ. ಎದುರಿಸುವಂತೆ ಮಾಡಿದವನು ನಾರ್ವೆ ದೇಶದ ಒಬ್ಬ ಸಾಲಗಾರ.

ಆಡಾಲ್ಫ್ ಬೆಕ್ ಎಂಬ ಈತ 1841ರಲ್ಲಿ ನಾರ್ವೆಯಲ್ಲಿ ಹುಟ್ಟಿ, ರಸಾಯನಶಾಸ್ತ್ರವನ್ನು ಕಲಿತು, ಅದನ್ನು ಬಿಟ್ಟು ಹಡಗು ಹತ್ತಿ, ಇಂಗ್ಲೆಂಡಿನಲ್ಲಿ ಕೆಲವು ಕಾಲ ಕಳೆದು, 1868ರಲ್ಲಿ ದಕ್ಷಿಣ ಅಮೇರಿಕಕ್ಕೆ ಹೋಗಿ, ಅಲ್ಲಿ ನಾನಾ ವ್ಯಾಪಾರಗಳಲ್ಲಿ ಹಣ ಗಳಿಸಿ, 1880ರ ದಶಕದ ನಡುವೆ ಲಂಡನ್ನಿಗೆ ಮರಳಿ, ಗಳಿಸಿದ ಹಣವನ್ನು ನಾರ್ವೆಯ ಒಂದು ತಾಮ್ರದ ಗಣಿಯಲ್ಲಿ ಹೂಡಿ ಕಳೆದುಕೊಂಡವನು. ಹೋಟೆಲಿನವರಿಗೆ ಬಾಕಿ, ಸ್ನೇಹಿತರಿಗೆ ಬಾಕಿ. ಆದರೂ ಉಡುಪಿನಲ್ಲಿ ಮಾತ್ರ ದೊಡ್ಡಮನುಷ್ಯನ ಠೀವಿ. 1895ನೆಯ ಇಸವಿ ಡಿಸೆಂಬರ್ 16ನೆಯ ದಿನ ಈತ ವಿಕ್ಟೋರಿಯಾ ಬೀದಿಯ ತನ್ನ ವಸತಿಯಿಂದ ಹೊರಬೀಳುತ್ತಿದ್ದಾಗ ಒಬ್ಬ ಸ್ತ್ರೀ ಅಡ್ಡನಿಂತು, ನನ್ನ ಗಡಿಯಾರಗಳನ್ನೂ ಉಂಗುರಗಳನ್ನೂ ಏನು ಮಾಡಿದೆ ಎಂದು ಕೇಳಿದಳು. ತಬ್ಬಿಬ್ಬಾದ ಬೆಕ್ ರಸ್ತೆ ದಾಟಿ ಹೋಗಿ ಪೋಲೀಸಿನವನನ್ನು ಕಂಡು, ಈ ಹೆಂಗಸು ನನ್ನನ್ನು ಕಾಡುತ್ತಿದ್ದಾಳೆ ಎಂದು ತಾನೇ ದೂರಿತ್ತನು. ಪೋಲೀಸಿನವನು ಇಬ್ಬರನ್ನೂ ಠಾಣೆಗೆ ಕರೆದೊಯ್ದನು. ದೂರು ಕೊಡಹೋದವನು ಅಂದು ಮನೆಗೆ ಹಿಂತಿರುಗಲಿಲ್ಲ.

ಠಾಣೆಯಲ್ಲಿ ಅದಾಗಲೇ ಒಬ್ಬ ವಂಚಕನ ಕಡತ ಬೆಳೆದು ನಿಂತಿತ್ತು. ಎರಡು ವರ್ಷಗಳಿಂದ ನಗರದಲ್ಲಿ ನರೆಗೂದಲಿನ ಒಬ್ಬ ಸಭ್ಯನು, ತಾನು ಲಾರ್ಡ್ ವಿಲ್ಟನ್ ಡಿ ವಿಲ್ಲೊಬಿ ಎಂದು ಹೇಳಿಕೊಂಡು, ಒಂಟಿಯಾಗಿ ಬಾಳುವ ಸ್ತ್ರೀಯರ ಪರಿಚಯ ಮಾಡಿಕೊಂಡು, ಫ್ರಾನ್ಸಿನ ಕಡಲತೀರಕ್ಕೆ ತನ್ನ ಸ್ವಂತ ನೌಕೆಯಲ್ಲಿ ಕರೆದೊಯ್ಯುವುದಾಗಿ ಆಸೆ ತೋರಿಸಿ, ಅದಕ್ಕೆ ತಕ್ಕ ಉಡುಪುಗಳನ್ನು ಕೊಳ್ಳಲೆಂದು ಧಾರಾಳವಾಗಿ ಚೆಕ್ಕು ಬರೆದುಕೊಟ್ಟು, ಇದಕ್ಕಿಂತ ಒಳ್ಳೆಯ ಆಭರಣ ಮಾಡಿಸಿ ತರುವೆನೆಂದು ಅವರ ಉಂಗುರ ಗಡಿಯಾರಗಳನ್ನು ತೆಗೆದುಕೊಂಡು ಮಾಯವಾಗುತ್ತಿದ್ದನು. ಚೆಕ್ಕು ಬ್ಯಾಂಕಿನಿಂದ ಬರಿಗೈಯಲ್ಲಿ ಹಿಂದಿರುಗುತ್ತಿತ್ತು. ಹೀಗೆ ಮೋಸಹೋದವರು ಇಪ್ಪತ್ತಕ್ಕೂ ಮಿಕ್ಕಿದ್ದರು. ಅವರಲ್ಲಿ ಸಿಕ್ಕವರನ್ನು ಪೋಲೀಸರು ಠಾಣೆಗೆ ಕರೆಸಿ, ಬೀದಿಯಲ್ಲಿ ಹೋಗುತ್ತಿದ್ದ ಹತ್ತು ಹದಿನೈದು ಮಂದಿಯನ್ನು ಹಿಡಿದು ತಂದು ಬೆಕ್‌ನ ಸಂಗಡ ಸಾಲಾಗಿ ನಿಲ್ಲಿಸಿದರು. ಸಾಲಿನಲ್ಲಿ ನರೆತ ತಲೆಯೂ ಮೀಸೆಯೂ ಇದ್ದವನು ಬೆಕ್ ಒಬ್ಬನೇ. ಅವರು ನೋಡಿದರು, ಬೆರಳು ತೋರಿಸಿದರು.

ಈ ಪದ್ಧತಿಗೂ ಒಂದು ಚರಿತ್ರೆಯುಂಟು. ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ಲಂಡನ್ನಿನಲ್ಲಿ ಗುರುತು ಹಿಡಿಸುವುದೆಂದರೆ ಆಸಾಮಿಯನ್ನು ಒಂಟಿಯಾಗಿ ತೋರಿಸಿ ಇವನೇ ತಾನೆ ಎಂದು ಕೇಳುವುದಾಗಿತ್ತು. ಅಥವಾ ಅವನು ಕಟಕಟೆಯಲ್ಲಿ ನಿಂತಾಗ ಸಾಕ್ಷಿಯು ಅತ್ತ ಕೈತೋರುವುದಾಗಿತ್ತು. ಇದು ಅನ್ಯಾಯವೆಂದು ಮನಗಂಡ ಮೇಲೆ, 1860ರ ಸುಮಾರಿಗೆ, ಅವನನ್ನು ಇತರರ ನಡುವೆ ಬೆರೆಸಿ ನಿಲ್ಲಿಸುವ ಕ್ರಮವು ಪೋಲೀಸರ ಆಜ್ಞೆಗಳಲ್ಲಿ ಕಾಣಿಸಿಕೊಂಡಿತು. ಉದ್ದೇಶವು ಉತ್ತಮವಾದದ್ದೇ. ಆದರೆ ನರೆಗೂದಲಿನವನೊಬ್ಬನನ್ನು ಕರಿಗೂದಲಿನವರ ನಡುವೆ ನಿಲ್ಲಿಸಿದರೆ, ಪರೀಕ್ಷೆಯ ಆಕಾರವೇನೋ ಇರುವುದು, ಪರೀಕ್ಷೆ ಇರುವುದಿಲ್ಲ. ಒಂಟಿಯಾಗಿ ತೋರಿಸಿದ್ದರೆ ಕೊನೆಗೆ ವಕೀಲನಾದರೂ ಅದನ್ನು ಆಕ್ಷೇಪಿಸುತ್ತಿದ್ದನು. ಹೀಗೆ ಸಾಲಿನೊಳಗಿಟ್ಟು ತೋರಿಸಿದುದರಿಂದ ಆ ಗುರುತಿಗೆ ಇಲ್ಲದ ಗೌರವವೊಂದು ಬಂದು ಸೇರಿತು.

ಬೆಕ್‌ನ ದುರ್ದೈವಕ್ಕೆ ಇನ್ನೊಂದು ಮುಖವಿತ್ತು. 1877ರಲ್ಲಿ ಜಾನ್ ಸ್ಮಿತ್ ಎಂಬವನೊಬ್ಬನು ಲಾರ್ಡ್ ವಿಲ್ಲೊಬಿಯೆಂಬ ಇದೇ ಬಗೆಯ ಬಿರುದಿನಿಂದ, ಇದೇ ಉಪಾಯದಿಂದ ಸ್ತ್ರೀಯರನ್ನು ವಂಚಿಸಿ ಶಿಕ್ಷೆ ಹೊಂದಿದ್ದನು. ಅಂದು ಅವನನ್ನು ಹಿಡಿದಿದ್ದ, ಈಗ ನಿವೃತ್ತನಾಗಿದ್ದ ಪೋಲೀಸಿನವನನ್ನು ಕರೆಸಲಾಗಿ, ಅವನು ಮ್ಯಾಜಿಸ್ಟ್ರೇಟನ ಮುಂದೆ ಬೆಕ್‌ನನ್ನು ನೋಡಿ, ಹದಿನೆಂಟು ವರ್ಷಗಳ ಹಿಂದೆ ತಾನು ಹಿಡಿದಿದ್ದ ಸ್ಮಿತ್‌ನು ಇವನೇ ಎಂದು ಪ್ರಮಾಣ ಮಾಡಿದನು. ಇದರಲ್ಲಿ ಎಳ್ಳಷ್ಟೂ ಸಂದೇಹವಿಲ್ಲವೆಂದನು. ಹಸ್ತಾಕ್ಷರ ಪರಿಣತನಾದ ಗರಿನ್ ಎಂಬವನು ಎರಡು ಕಾಲದ ಬರವಣಿಗೆಗಳನ್ನೂ ಹೋಲಿಸಿ ನೋಡಿ ಅವನ ಮಾತಿಗೆ ಇಂಬು ಕೊಟ್ಟನು. ಆದರೆ 1877ರಲ್ಲಿ ಬೆಕ್ ಇದ್ದುದು ಪೆರು ದೇಶದಲ್ಲಿ. ಅದನ್ನು ಸಿದ್ಧಪಡಿಸುವ ಸಾಕ್ಷಿಗಳು ಅವನಿಗೆ ಇದ್ದರು. ಆದುದರಿಂದ ಅವನ ವಕೀಲನಾದ ಗಿಲ್ ಮಾಡಿದ ಯೋಜನೆಯು ಸರಳವಾಗಿತ್ತು: ಹಳೆಯ ವಂಚನೆಯನ್ನೂ ಹೊಸ ವಂಚನೆಯನ್ನೂ ಮಾಡಿದವನು ಒಬ್ಬನೇ ಎಂಬುದನ್ನು ಗರಿನ್‌ನ ಬಾಯಿಂದಲೇ ಹೇಳಿಸಿ, ಆಮೇಲೆ ಹಳೆಯದನ್ನು ಮಾಡಿದವನು ಬೆಕ್ ಆಗಿರುವುದು ಅಸಾಧ್ಯವೆಂದು ತೋರಿಸುವುದು.

1896ರ ಮಾರ್ಚ್ 3ರಂದು ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆ ಮೊದಲಾಯಿತು. ಪ್ರಾಸಿಕ್ಯೂಷನ್ನಿನ ಪರವಾಗಿ ನಿಂತ ಹೊರೇಸ್ ಏವರಿಯು, ಬೆಕ್ ಮತ್ತು ಸ್ಮಿತ್ ಒಬ್ಬನೇ ಎಂಬ ಊಹೆಯ ಮೇಲೆ ನಿಂತಿದ್ದ ದೊಡ್ಡ ಆರೋಪಗಳನ್ನು ಪಕ್ಕಕ್ಕೆ ಸರಿಸಿ, ಇತ್ತೀಚಿನ ವಂಚನೆಗಳ ಆರೋಪಗಳನ್ನು ಮಾತ್ರ ಮುಂದಿಟ್ಟನು. ಗಿಲ್ ಹಳೆಯ ಬರವಣಿಗೆಯ ವಿಷಯವಾಗಿ ಗರಿನ್‌ನನ್ನು ಪ್ರಶ್ನಿಸಲು ಎದ್ದಾಗ, ಅದು ಈ ಮೊಕದ್ದಮೆಗೆ ಅಪ್ರಸ್ತುತವೆಂದು ಏವರಿಯು ಆಕ್ಷೇಪಿಸಿದನು. ನ್ಯಾಯಾಧೀಶ ಸರ್ ಫಾರೆಸ್ಟ್ ಫುಲ್ಟನ್ ಆ ಆಕ್ಷೇಪವನ್ನು ಎತ್ತಿಹಿಡಿದನು. ಈ ಫುಲ್ಟನ್‌ನು 1877ರಲ್ಲಿ ಸ್ಮಿತ್‌ನ ಮೇಲಿನ ಮೊಕದ್ದಮೆಯನ್ನು ತಾನೇ ನಡೆಸಿದ್ದ ವಕೀಲನೆಂಬುದನ್ನು ಓದುಗರು ಗಮನಿಸಬೇಕು. ಹೀಗೆ ಹಳೆಯ ಕಥೆಯು ಜೂರಿಯವರ ಕಿವಿಗೆ ಬೀಳಲಿಲ್ಲ. ಅದರೊಡನೆ ಪೆರುವಿನ ಕಥೆಯೂ ಬೀಳಲಿಲ್ಲ. ಪೂರ್ವಾಪರಾಧದ ಮಾತು ಜೂರಿಯ ಮುಂದೆ ಬರಬಾರದೆಂಬ ನಿಯಮವು ಆರೋಪಿಯ ರಕ್ಷಣೆಗೆಂದು ಹುಟ್ಟಿದ್ದು. ಅದೇ ನಿಯಮವು ಇಲ್ಲಿ ಆರೋಪಿಯ ಕತ್ತಿಗೆ ಬಂದಿತು. ತಾನೇ ಎದ್ದುನಿಂತು ಪ್ರಮಾಣಪೂರ್ವಕವಾಗಿ ಸಾಕ್ಷ್ಯ ಹೇಳುವುದಕ್ಕೂ ಅವನಿಗೆ ಅವಕಾಶವಿರಲಿಲ್ಲ. ಸಾಮಾನ್ಯವಾಗಿ ಆರೋಪಿಗಳಿಗೆಲ್ಲ ಆ ಹಕ್ಕನ್ನು ಕೊಟ್ಟ ಶಾಸನವು ಇಂಗ್ಲೆಂಡಿನಲ್ಲಿ ಬಂದುದು 1898ರಲ್ಲಿ.

ಉಳಿದುದು ಸ್ತ್ರೀಯರ ಮಾತು. ಹತ್ತರಷ್ಟು ಮಂದಿ ಒಬ್ಬರಾದ ಮೇಲೊಬ್ಬರು ಸಾಕ್ಷಿಕಟ್ಟೆಯನ್ನು ಹತ್ತಿ ಇವನೇ ಎಂದರು. ಅವರಲ್ಲಿ ಯಾರೂ ದುರುದ್ದೇಶದವರಲ್ಲ. ಯಾರಿಗೂ ಬೆಕ್‌ನ ಮೇಲೆ ಹಗೆಯಿರಲಿಲ್ಲ; ಇದ್ದುದೆಲ್ಲ ತಮಗಾದ ಮೋಸದ ನೋವು, ನ್ಯಾಯ ಸಿಗಬೇಕೆಂಬ ಹಂಬಲ. ವಂಚಕನನ್ನು ಅವರು ನೋಡಿದ್ದು ದೂರದಿಂದಲ್ಲ, ಕತ್ತಲಲ್ಲಲ್ಲ. ಎದುರು ಬದುರು ಕುಳಿತು ಗಂಟೆಗಟ್ಟಲೆ ಮಾತನಾಡಿದ್ದರು. ಇಂಥ ಹತ್ತು ಬಾಯಿಗಳ ಮುಂದೆ ಯಾವ ಜೂರಿಯು ತಾನೆ ಅನುಮಾನಪಟ್ಟೀತು? ಮಾರ್ಚ್ 5ರಂದು ಅವನು ಅಪರಾಧಿಯೆಂದು ತೀರ್ಮಾನವಾಗಿ, ಏಳು ವರ್ಷಗಳ ಕಠಿಣ ಸೆರೆವಾಸವು ವಿಧಿಸಲ್ಪಟ್ಟಿತು. ಕೋರ್ಟಿನಲ್ಲಿ ಸ್ಮಿತ್‌ನ ಹೆಸರೆತ್ತಗೊಡದ ಸರ್ಕಾರವು ಸೆರೆಮನೆಯಲ್ಲಿ ಮಾತ್ರ ಬೆಕ್‌ನಿಗೆ ಸ್ಮಿತ್‌ನ ಹಳೆಯ ಸಂಖ್ಯೆಯಾದ ಡಿ 523 ಎಂಬುದನ್ನೇ ಕೊಟ್ಟು, ಎರಡನೆಯ ಬಾರಿಯ ಕೈದಿಯೆಂಬುದಕ್ಕೆ ಗುರುತಾಗಿ ಡಬ್ಲ್ಯು ಎಂಬ ಅಕ್ಷರವನ್ನೂ ಅದಕ್ಕೆ ಅಂಟಿಸಿತು.

ಅವನ ಸಾಲಿಸಿಟರನು ಮತ್ತೆ ಮತ್ತೆ ಅರ್ಜಿ ಹಾಕುತ್ತಲೇ ಇದ್ದನು. 1898ರಲ್ಲಿ ಗೃಹಖಾತೆಯವರು ಸ್ಮಿತ್‌ನ ಹಳೆಯ ಸೆರೆಮನೆಯ ದಾಖಲೆಯನ್ನು ಹೊರತೆಗೆದು ನೋಡಿದಾಗ, ಅವನು ಯಹೂದಿಯೆಂದೂ ಸುನ್ನತಿಯಾದವನೆಂದೂ ಅಲ್ಲಿ ಬರೆದಿತ್ತು, ಬೆಕ್‌ನಿಗೆ ಸುನ್ನತಿಯಾಗಿರಲಿಲ್ಲ. ಇಬ್ಬರೂ ಒಬ್ಬನೇ ಎಂಬ ಕಟ್ಟಡವು ಇದರಿಂದ ತಳದಿಂದಲೇ ಕುಸಿಯಬೇಕಾಗಿತ್ತು. ಗೃಹಖಾತೆಯವರು ಫುಲ್ಟನ್‌ನ ಅಭಿಪ್ರಾಯ ಕೇಳಿದರು. ಬೆಕ್ ಸ್ಮಿತ್ ಅಲ್ಲವೆಂಬುದೇನೋ ದಿಟವೇ, ಆದರೂ 1895ರ ವಂಚನೆಗಳನ್ನು ಮಾಡಿದವನು ಬೆಕ್ ಎಂಬುದರಲ್ಲಿ ಸಂದೇಹವಿಲ್ಲ ಎಂಬುದು ಅವನ ಉತ್ತರದ ತಾತ್ಪರ್ಯ. ಡಬ್ಲ್ಯು ಅಕ್ಷರವನ್ನು ಕಿತ್ತುಹಾಕಿದರು, ಕೈದಿಯನ್ನು ಬಿಡಲಿಲ್ಲ. ಒಬ್ಬನೇ ವಂಚಕ ಎಂಬ ಊಹೆಯು ಬೆಕ್‌ನನ್ನು ಹಿಡಿಯುವುದಕ್ಕೆ ಆಧಾರವಾಗಿತ್ತು. ಅದೇ ಊಹೆಯು ಬೆಕ್‌ನನ್ನು ಬಿಡಿಸುವ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ. ಆಡಳಿತಯಂತ್ರದ ಈ ಬಗೆಯ ಮರೆವು ಇಂಗ್ಲೆಂಡಿಗೆ ಮಾತ್ರ ಸೀಮಿತವಾದದ್ದಲ್ಲವೆಂಬುದನ್ನು ಕಚೇರಿಗಳ ಮೆಟ್ಟಿಲು ಹತ್ತಿಳಿದಿರುವ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

1901ರಲ್ಲಿ ಅವಧಿಗೆ ಮುನ್ನ ಬಿಡುಗಡೆ ಹೊಂದಿದ ಬೆಕ್, ಕಳಂಕವನ್ನು ತೊಳೆದುಕೊಳ್ಳಲೆಂದು ಇದ್ದಬದ್ದ ಹಣವನ್ನೆಲ್ಲ ಸುರಿದನು. 1904ರ ಏಪ್ರಿಲ್ ತಿಂಗಳಲ್ಲಿ ಮನೆಯಿಂದ ಹೊರಬರುತ್ತಿದ್ದಾಗ ಮತ್ತೊಬ್ಬ ಸ್ತ್ರೀ ಎದುರಾಗಿ, ನನ್ನ ಒಡವೆಯನ್ನು ಕದ್ದವನು ನೀನೇ ಎಂದಳು. ಪುನಃ ಠಾಣೆ, ಪುನಃ ಓಲ್ಡ್ ಬೇಲಿ. ಈ ಸಲ ಐದು ಮಂದಿ ಸ್ತ್ರೀಯರು. ಜೂರಿಯು ಅಪರಾಧಿಯೆಂದಿತು. ಆದರೆ ನ್ಯಾಯಾಧೀಶ ಗ್ರ್ಯಾಂತಮ್‌ನ ಮನಸ್ಸಿನಲ್ಲಿ ಏನೋ ಒಂದು ತೊಡಕು ಉಳಿದು, ಅವನು ಶಿಕ್ಷೆಯನ್ನು ವಿಧಿಸದೆ ಮುಂದಕ್ಕೆ ಹಾಕಿದನು. ಆ ವಿಳಂಬವೇ ಬೆಕ್‌ನನ್ನು ಉಳಿಸಿತು. ಜುಲೈ 7ರಂದು, ಬೆಕ್ ಇನ್ನೂ ಸೆರೆಯಲ್ಲಿರುವಾಗಲೇ, ಇನ್‌ಸ್ಪೆಕ್ಟರ್ ಜಾನ್ ಕೇನ್ ಎಂಬಾತನು ಬೇರೊಂದು ಠಾಣೆಗೆ ಮಾಮೂಲು ಕೆಲಸಕ್ಕಾಗಿ ಹೋಗಿದ್ದಾಗ, ಇಬ್ಬರು ನಟಿಯರಿಂದ ಉಂಗುರಗಳನ್ನು ಲಪಟಾಯಿಸಿ ಗಿರವಿ ಇಡಲು ಹೋದವನೊಬ್ಬನು ಸಿಕ್ಕಿಬಿದ್ದಿರುವನೆಂಬ ಸುದ್ದಿ ಕಿವಿಗೆ ಬಿತ್ತು. ಕೇನ್ ವಂಚನೆಯ ವಿವರಗಳನ್ನು ಕೇಳಿದನು. ಬೆಕ್ ಕಂಬಿಯ ಹಿಂದಿರುವಾಗ ಬೆಕ್‌ನ ಅಪರಾಧವನ್ನು ಮಾಡುತ್ತಿರುವವನು ಯಾರೆಂದು ಒಳಹೋಗಿ ನೋಡಿದನು. ನರೆಗೂದಲು, ಮೀಸೆ, ಹೆಚ್ಚುಕಡಮೆ ಅದೇ ವಯಸ್ಸು. ಸ್ಮಿತ್ ಎಂಬುದೂ ಅವನ ನಿಜನಾಮವಲ್ಲ. ಮೇಯರ್ ಎಂಬ ಹೆಸರಿನ, ವಿಯೆನ್ನಾದಲ್ಲಿ ಹುಟ್ಟಿದ ವಿದ್ಯಾವಂತ ಆತ. 1877ರದೂ, 1895ರದೂ, 1904ರದೂ ಅವನದೇ ಕೈವಾಡ. ಗುರುತು ಹಿಡಿದಿದ್ದ ಸ್ತ್ರೀಯರನ್ನು ಕರೆಸಿ ತೋರಿಸಿದಾಗ, ತಾವು ತಪ್ಪಿದೆವೆಂದು ಅವರು ಒಪ್ಪಿಕೊಂಡರು. ಗರಿನ್ ಕೂಡ ತನ್ನ ಅಭಿಪ್ರಾಯವನ್ನು ಹಿಂತೆಗೆದುಕೊಂಡನು. ಇಬ್ಬರ ಛಾಯಾಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅವಳಿಗಳೆನ್ನುವಂಥ ಹೋಲಿಕೆಯೇನೂ ಇಲ್ಲ. ಕೂದಲು, ಮೀಸೆ, ಗತ್ತು, ಇಷ್ಟೇ.

ಮಾಡದ ಅಪರಾಧಕ್ಕೆ ಅರಸನು ಜುಲೈ 29ರಂದು ಕ್ಷಮಾದಾನ ನೀಡಿದನು. ಕ್ಷಮಿಸಬೇಕಾದವರು ಯಾರು, ಕ್ಷಮಿಸಿದವರು ಯಾರು ಎಂಬ ವಿಷಯದಲ್ಲಿ ಕಾನೂನಿನ ಪರಿಭಾಷೆ ಎಂದೂ ತಲೆಕೆಡಿಸಿಕೊಂಡದ್ದಿಲ್ಲ. ಮೊದಲು 2,000 ಪೌಂಡು, ಪತ್ರಿಕೆಗಳ ಕೂಗೆದ್ದ ಮೇಲೆ 5,000 ಪೌಂಡು ಪರಿಹಾರ ದೊರೆಯಿತು. ವಿಚಾರಣಾ ಸಮಿತಿಯೊಂದು ನೇಮಕವಾಯಿತು; ಅದರ ಅಧ್ಯಕ್ಷ ಸರ್ ರಿಚರ್ಡ್ ಹೆನ್ ಕಾಲಿನ್ಸ್, ಸದಸ್ಯರಲ್ಲೊಬ್ಬ ಅಲಹಾಬಾದು ಹೈಕೋರ್ಟಿನ ಮುಖ್ಯ ನ್ಯಾಯಾಧೀಶನಾಗಿ ನಿವೃತ್ತನಾಗಿದ್ದ ಸರ್ ಜಾನ್ ಎಡ್ಜ್. ವೈಯಕ್ತಿಕವಾದ ಮನಸ್ಸಿನ ಮುದ್ರೆಯನ್ನು ಮಾತ್ರ ಆಧರಿಸಿದ ಗುರುತು, ಎಷ್ಟೇ ಪ್ರಾಮಾಣಿಕವಾಗಿರಲಿ, ಬೇರೆ ಸಂಗತಿಗಳ ಬೆಂಬಲವಿಲ್ಲದಿದ್ದರೆ ಶಿಕ್ಷೆಗೆ ಆಧಾರವಾಗತಕ್ಕದ್ದಲ್ಲವೆಂಬ ಅರ್ಥದ ಮಾತನ್ನು ಆ ಸಮಿತಿಯು ಬರೆಯಿತು. 1907ರಲ್ಲಿ ಇಂಗ್ಲೆಂಡಿಗೆ ಕ್ರಿಮಿನಲ್ ಅಪೀಲು ನ್ಯಾಯಾಲಯವು ಬಂದುದಕ್ಕೆ ಬೆಕ್‌ನ ಕಥೆಯು ಒಂದು ಪ್ರಬಲ ಕಾರಣ. ಅವನು ತೀರಿಕೊಂಡದ್ದು 1909ರಲ್ಲಿ, ಆಸ್ಪತ್ರೆಯೊಂದರಲ್ಲಿ.

ಈ ಮೊಕದ್ದಮೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಅಂಶವು ತಪ್ಪಿದರೆಂಬುದಲ್ಲ, ಅಷ್ಟು ಮಂದಿ ತಪ್ಪಿದರೆಂಬುದು. ಮೂವರಾದರೂ ಬೇಕೆಂದ ಸ್ಮೃತಿಕಾರನ ತರ್ಕವು ಸುಳ್ಳುಗಾರರ ವಿಷಯದಲ್ಲಿ ಸರಿಯಾದದ್ದೇ: ಹತ್ತು ಮಂದಿ ಸುಳ್ಳುಗಾರರು ಒಂದೇ ಸುಳ್ಳನ್ನು ಹೇಳಬೇಕಾದರೆ ಒಳಸಂಚು ನಡೆದಿರಬೇಕು, ಸಂಚು ಪಾಟೀಸವಾಲಿನಲ್ಲಿ ಎಲ್ಲಾದರೂ ಬಿರುಕು ಬಿಡುವುದು. ಆದರೆ ಹತ್ತು ಮಂದಿ ಪ್ರಾಮಾಣಿಕರು ಒಂದೇ ತಪ್ಪನ್ನು ಮಾಡುವುದಕ್ಕೆ ಯಾವ ಸಂಚೂ ಬೇಡ. ಎಲ್ಲರ ತಪ್ಪಿಗೂ ಮೂಲವಾದ ಒಂದು ಸಂಗತಿಯಿದ್ದರೆ ಸಾಕು. ಸಾಲಿನಲ್ಲಿ ಒಂದೇ ನರೆತ ತಲೆಯಿದ್ದರೆ ಸಾಕು. ಅಲ್ಲಿ ಹತ್ತು ಸಾಕ್ಷ್ಯಗಳಿರಲಿಲ್ಲ. ಒಂದೇ ತಪ್ಪಿನ ಹತ್ತು ಪ್ರತಿಗಳಿದ್ದವು.

ಇಂಥದು ಇದೇ ಮೊದಲೆಂದು ತಿಳಿಯಬಾರದು. ಫ್ರಾನ್ಸಿನಲ್ಲಿ 1796ರ ಏಪ್ರಿಲ್ ತಿಂಗಳಲ್ಲಿ ಲಿಯೋನ್ ನಗರದ ಟಪಾಲು ಗಾಡಿಯನ್ನು ದರೋಡೆ ಮಾಡಿ ಇಬ್ಬರನ್ನು ಕೊಂದ ಪ್ರಕರಣದಲ್ಲಿ, ಸ್ಥಿತಿವಂತನಾದ ಲೆಸೂರ್ಕ್ ಎಂಬವನು ಸ್ನೇಹಿತನೊಬ್ಬನ ಜೊತೆಗಾರನಾಗಿ ನ್ಯಾಯಾಧಿಕಾರಿಯ ಕಚೇರಿಗೆ ಹೋಗಿದ್ದಾಗ, ಅಲ್ಲಿ ಸಾಕ್ಷಿ ಹೇಳಲು ಕಾದು ಕುಳಿತಿದ್ದ ಇಬ್ಬರು ಹೆಂಗಸರು ಅವನನ್ನು ಕಂಡು ದರೋಡೆಕೋರರಲ್ಲಿ ಇವನೂ ಒಬ್ಬನೆಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಗಿಲೊಟಿನ್ ಅವನ ತಲೆಯನ್ನು ತೆಗೆಯಿತು. ಅವನ ಜೊತೆಯಲ್ಲಿ ಸಾಯಲಿದ್ದ ನಿಜ ದರೋಡೆಕೋರನೊಬ್ಬನು ದಾರಿಯುದ್ದಕ್ಕೂ ಲೆಸೂರ್ಕ್ ನಿರಪರಾಧಿಯೆಂದು ಸಾರುತ್ತ ಹೋದನಂತೆ. ಅದೇ ದರೋಡೆಯ ಶಂಕೆಯ ಮೇಲೆ ಕೆಲವು ವರ್ಷಗಳ ತರುವಾಯ ಸಿಕ್ಕಿದ ಡ್ಯೂಬೋಸ್ಕ್ ಎಂಬವನ ತಲೆಗೆ ಹೊಂಬಣ್ಣದ ಟೋಪನ್ನು ತೊಡಿಸಿ ನೋಡಿದರು. ಲೆಸೂರ್ಕ್‌ನ ಕೂದಲು ಹೊಂಬಣ್ಣದ್ದು. ಅವನ ಮನೆತನದವರು ಮರಣೋತ್ತರವಾದ ಶುದ್ಧೀಕರಣವನ್ನು ಬೇಡಿ ದಶಕಗಳ ಕಾಲ ಅಲೆದರು. 1868ರಲ್ಲಿ ಅತ್ಯುನ್ನತ ನ್ಯಾಯಾಲಯವೂ ಅದನ್ನು ತಿರಸ್ಕರಿಸಿತು. ಅವನು ನಿಜವಾಗಿಯೂ ನಿರ್ದೋಷಿಯೇ ಎಂಬುದರಲ್ಲಿ ಇತಿಹಾಸಕಾರರಿಗೆ ಇಂದಿಗೂ ಒಮ್ಮತವಿಲ್ಲ.

ಬೆಕ್‌ನ ನಂತರವಾದರೂ ಪಾಠ ಕಲಿತರೇ ಎಂದರೆ, ಸಮಿತಿಯ ವರದಿಯ ಮಸಿ ಆರುವ ಮುನ್ನವೇ ಸ್ಕಾಟ್ಲೆಂಡಿನಲ್ಲಿ ಇನ್ನೊಂದು ನಡೆಯಿತು. 1908ರ ಡಿಸೆಂಬರಿನಲ್ಲಿ ಗ್ಲಾಸ್ಗೊ ನಗರದಲ್ಲಿ ಒಬ್ಬ ವೃದ್ಧೆಯ ಕೊಲೆಯಾಯಿತು. ಆಸ್ಕರ್ ಸ್ಲೇಟರ್ ಎಂಬ ಜರ್ಮನ್ ಯಹೂದಿಯನ್ನು ಹಿಡಿದು, ಸಾಕ್ಷಿಗಳಿಗೆ ಮೊದಲೇ ಅವನ ಛಾಯಾಚಿತ್ರ ತೋರಿಸಿ, ಬಳಿಕ ಹನ್ನೊಂದು ಮಂದಿಯ ನಡುವೆ ನಿಲ್ಲಿಸಿದರು. ಆ ಹನ್ನೊಂದು ಮಂದಿ ಪೋಲೀಸರು ಮತ್ತು ರೈಲ್ವೆಯವರು. ಪರದೇಶದ ಮುಖದವನು ಸ್ಲೇಟರ್ ಒಬ್ಬನೇ. ಮರಣದಂಡನೆಯು ಜೀವಾವಧಿಯಾಗಿ ಮಾರ್ಪಟ್ಟಿತು. ಷೆರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯಲ್ 1912ರಲ್ಲಿ ಅವನ ಪರವಾಗಿ ಪುಸ್ತಿಕೆಯನ್ನೇ ಬರೆದನು. ಆದರೂ ಅವನು ಹೊರಬಂದುದು 1927ರಲ್ಲಿ. ಬೆಕ್‌ನ ದೆಸೆಯಿಂದ ಹುಟ್ಟಿದ ಅಪೀಲು ನ್ಯಾಯಾಲಯದ ಅಧಿಕಾರವು ಸ್ಕಾಟ್ಲೆಂಡಿಗೆ ವ್ಯಾಪಿಸಿರಲಿಲ್ಲ. ಅಲ್ಲಿಗೆ ಅಂಥ ನ್ಯಾಯಾಲಯವು 1926ರಲ್ಲಿ ಬಂದಿತು. ಅದು ಹಳೆಯ ಮೊಕದ್ದಮೆಗಳಿಗೆ ಅನ್ವಯಿಸದಿದ್ದುದರಿಂದ ಸ್ಲೇಟರ್‌ನಿಗಾಗಿಯೇ ಪಾರ್ಲಿಮೆಂಟು ಪ್ರತ್ಯೇಕ ಶಾಸನ ಮಾಡಬೇಕಾಯಿತು. 1928ರಲ್ಲಿ ಶಿಕ್ಷೆ ರದ್ದಾದುದು ಸಹ, ವಿಚಾರಣೆಯ ನ್ಯಾಯಾಧೀಶನು ಜೂರಿಗೆ ತಪ್ಪು ತಿಳಿವಳಿಕೆ ಕೊಟ್ಟನೆಂಬ ಕಾರಣದಿಂದಲೇ ಹೊರತು, ಸಾಕ್ಷಿಗಳ ಕಣ್ಣು ತಪ್ಪಿತೆಂಬ ಕಾರಣದಿಂದಲ್ಲ. ಕಣ್ಣಿನ ಮೇಲೆ ತಪ್ಪು ಹೊರಿಸುವುದಕ್ಕೆ ನ್ಯಾಯಸ್ಥಾನಗಳಿಗೆ ಅದೆಂಥ ಸಂಕೋಚವೋ!

ಇತ್ತ ಮನಶ್ಶಾಸ್ತ್ರಜ್ಞರು ಸುಮ್ಮನಿರಲಿಲ್ಲ. ಶತಮಾನದ ಆರಂಭದಲ್ಲೇ ಬರ್ಲಿನ್ನಿನ ನ್ಯಾಯಶಾಸ್ತ್ರದ ಪ್ರಾಧ್ಯಾಪಕ ಫಾನ್ ಲಿಸ್ಟ್‌ನ ತರಗತಿಯಲ್ಲಿ ಇಬ್ಬರು ವಿದ್ಯಾರ್ಥಿಗಳ ನಡುವೆ ಜಗಳವೆದ್ದು ಒಬ್ಬನು ಪಿಸ್ತೂಲನ್ನು ಹೊರತೆಗೆದನು. ಅದು ಮೊದಲೇ ಏರ್ಪಡಿಸಿದ ನಾಟಕ. ಕಂಡುದನ್ನು ಬರೆಯಿರೆಂದು ಉಳಿದವರಿಗೆ ಹೇಳಿದಾಗ, ಕಾನೂನು ಓದುತ್ತಿದ್ದ ಆ ತರುಣರ ಬರವಣಿಗೆಯಲ್ಲಿ ನಡೆಯದುದು ನುಸುಳಿತು, ನಡೆದುದು ಬಿಟ್ಟುಹೋಯಿತು. ವಿಲಿಯಂ ಸ್ಟರ್ನ್ ಈ ಬಗೆಯ ಪರೀಕ್ಷೆಗಳನ್ನು ಒಂದು ಶಾಸ್ತ್ರವನ್ನಾಗಿ ಬೆಳೆಸಿದನು. ಹಾರ್ವರ್ಡಿನ ಮ್ಯೂನ್‌ಸ್ಟರ್‌ಬರ್ಗ್ 1908ರಲ್ಲಿ ಇದನ್ನು ಕುರಿತು ಜನಸಾಮಾನ್ಯರಿಗಾಗಿ ಪುಸ್ತಕ ಬರೆದು ವಕೀಲರಿಂದ ಸಾಕಷ್ಟು ಅಪಹಾಸ್ಯಕ್ಕೆ ಗುರಿಯಾದನು.

ನಮ್ಮ ದೇಶದ ಕೊಡುಗೆ ಬೇರೊಂದು ದಿಕ್ಕಿನಿಂದ ಬಂದಿತು. ಹಳೆಯ ಕೈದಿಗಳನ್ನು ಪೋಲೀಸಿನವನ ನೆನಪಿನಿಂದಲೇ ಗುರುತಿಸುತ್ತಿದ್ದ ಕಾಲದಲ್ಲಿ, ಬಂಗಾಳದ ಪೋಲೀಸು ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬಿಬ್ಬರು ಬೆರಳಚ್ಚುಗಳನ್ನು ವಿಂಗಡಿಸಿ ಜೋಡಿಸುವ ಪದ್ಧತಿಯನ್ನು ರೂಪಿಸಿದರು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. 1901ರಲ್ಲಿ ಲಂಡನ್ನು ಅದನ್ನು ಅನುಸರಿಸಿತು. ಹೆಸರು ಮಾತ್ರ ಹೆನ್ರಿಯದಾಯಿತು. ಸ್ಮಿತ್‌ನ ಬೆರಳಚ್ಚು 1877ರಲ್ಲಿ ಸೆರೆಮನೆಯ ಪುಸ್ತಕದಲ್ಲಿ ಬಿದ್ದಿದ್ದರೆ, ಆ ನಿವೃತ್ತ ಪೋಲೀಸಿನವನ ಪ್ರಮಾಣಕ್ಕೆ ಯಾರೂ ಕಿವಿಗೊಡಬೇಕಾಗಿರಲಿಲ್ಲ.

1974ರ ಸುಮಾರಿಗೆ ಇಂಗ್ಲೆಂಡಿಗೆ ಬೆಕ್‌ನ ನೆನಪು ಮರುಕಳಿಸಿತು. ಲಾಸ್ಲೊ ವಿರಾಗ್ ಎಂಬವನನ್ನು ಪೋಲೀಸರೂ ಸೇರಿದಂತೆ ಎಂಟು ಮಂದಿ ಗುರುತಿಸಿದ್ದರು. ಅವರಲ್ಲೊಬ್ಬನು ಆ ಮುಖವು ತನ್ನ ಮಿದುಳಿನಲ್ಲಿ ಅಚ್ಚೊತ್ತಿದೆಯೆಂಬ ಅರ್ಥದಲ್ಲಿ ನುಡಿದಿದ್ದನು. ಅಪರಾಧ ಮಾಡಿದವನು ಬೇರೆ. ಲ್ಯೂಕ್ ಡೌಗರ್ಟಿ ಎಂಬ ಇನ್ನೊಬ್ಬನ ಮೇಲೆ ಅಂಗಡಿಯಲ್ಲಿ ಪರದೆ ಕದ್ದನೆಂಬ ಆರೋಪ. ಆ ಹೊತ್ತಿಗೆ ಅವನು ಇಪ್ಪತ್ತಕ್ಕೂ ಹೆಚ್ಚು ಜನರೊಡನೆ ಬಸ್ಸಿನಲ್ಲಿ ವಿಹಾರ ಹೋಗಿದ್ದನು. ಲಾರ್ಡ್ ಡೆವ್ಲಿನ್‌ನ ಸಮಿತಿಯು 1976ರಲ್ಲಿ, ವಿಶೇಷ ಸಂದರ್ಭಗಳ ಹೊರತು ಕೇವಲ ಗುರುತಿನ ಮೇಲೆ ಶಿಕ್ಷಿಸಬಾರದೆಂದಿತು. ಪಾರ್ಲಿಮೆಂಟು ಶಾಸನ ಮಾಡಲಿಲ್ಲ. ನ್ಯಾಯಾಲಯವೇ ಟರ್ನ್‌ಬುಲ್ ಮೊಕದ್ದಮೆಯಲ್ಲಿ ನಿಯಮಗಳನ್ನು ಹಾಕಿಕೊಟ್ಟಿತು. ಸಾಕ್ಷಿಯು ಎಷ್ಟು ಹೊತ್ತು ನೋಡಿದನು, ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ, ನಡುವೆ ಅಡ್ಡವೇನಿತ್ತು, ಮೊದಲ ಪರಿಚಯವುಂಟೆ, ಎಷ್ಟು ದಿನಗಳ ಮೇಲೆ ಗುರುತಿಸಿದನು, ಇವನ್ನೆಲ್ಲ ಜೂರಿಯು ತೂಗಬೇಕು; ತಪ್ಪಿದ ಸಾಕ್ಷಿಯೂ ಮನವೊಲಿಸಬಲ್ಲನು, ಒಬ್ಬರಲ್ಲ ಹಲವರೂ ತಪ್ಪಬಲ್ಲರು ಎಂದು ನ್ಯಾಯಾಧೀಶನು ಅವರನ್ನು ಎಚ್ಚರಿಸಬೇಕು. ಬೆಕ್‌ನ ಮೊಕದ್ದಮೆಗೆ 80 ವರ್ಷ ಕಳೆದ ಮೇಲೆ ಬಂದ ಎಚ್ಚರಿಕೆ ಅದು.

ಭಾರತದಲ್ಲಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಸಾಕ್ಷ್ಯ ಶಾಸನವು ಸಾಕ್ಷಿಗಳ ಸಂಖ್ಯೆಯ ನಿಯಮವನ್ನೇ ಕೈಬಿಟ್ಟಿತು. ಯಾವ ಸಂಗತಿಯನ್ನು ಸಿದ್ಧಪಡಿಸುವುದಕ್ಕೂ ಇಷ್ಟೇ ಮಂದಿ ಬೇಕೆಂಬ ನಿರ್ಬಂಧವಿಲ್ಲ. ವ್ಯಕ್ತಿಯ ಗುರುತನ್ನು ಸ್ಥಿರಪಡಿಸುವ ಸಂಗತಿಗಳು ಪ್ರಸ್ತುತವೆಂದು 9ನೆಯ ಕಲಂ ಹೇಳಿತು. ಆ ಒಂದು ಮಾತಿನ ಮೇಲೆ, ಕೋರ್ಟುಗಳ ರೂಢಿಯಿಂದ, ಗುರುತು ಪತ್ತೆ ಪೆರೇಡು ಎಂಬ ನಮ್ಮ ಪದ್ಧತಿಯು ಬೆಳೆಯಿತು. ಅದರ ವಿಧಾನವು ಕಾಗದದ ಮೇಲೆ ಇಂಗ್ಲೆಂಡಿನದಕ್ಕಿಂತ ಶುದ್ಧವಾದದ್ದೆಂದೇ ನನ್ನ ಭಾವನೆ. ಸಾಮಾನ್ಯವಾಗಿ ಅದನ್ನು ನಡೆಸುವವನು ಮ್ಯಾಜಿಸ್ಟ್ರೇಟನು, ಸೆರೆಮನೆಯೊಳಗೆ; ಪೋಲೀಸರು ಹತ್ತಿರ ಸುಳಿಯಕೂಡದು. ಪೋಲೀಸರ ಎದುರಿನಲ್ಲಿ ಅವರಿಗೇ ಹೇಳಿದಂತಾಗುವ ಗುರುತು ಪುರಾವೆಯಾಗದೆಂದು ಸುಪ್ರೀಂ ಕೋರ್ಟು 1955ರಲ್ಲಿ ರಾಮಕಿಶನ್ ಶರ್ಮಾನ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಹೋಲಿಕೆಯುಳ್ಳ ಇತರರನ್ನು ಬೆರೆಸುವುದು, ಆರೋಪಿಗೆ ತನ್ನ ಸ್ಥಾನವನ್ನೂ ಬಟ್ಟೆಯನ್ನೂ ಬದಲಿಸಿಕೊಳ್ಳಲು ಬಿಡುವುದು, ಮುಖದ ಮೇಲೆ ಗಾಯದ ಕಲೆಯಿದ್ದರೆ ಅಲ್ಲಿ ಕಾಗದದ ಚೂರನ್ನು ಅಂಟಿಸಿ ಉಳಿದವರ ಮುಖಕ್ಕೂ ಅದೇ ಜಾಗದಲ್ಲಿ ಅಂಟಿಸುವುದು, ನೋಡಿದ ಸಾಕ್ಷಿಯು ನೋಡದವನೊಡನೆ ಕಲೆಯದಂತೆ ಕಾಯುವುದು, ಇವೆಲ್ಲ ಅದರ ಅಂಗಗಳು. ಠಾಣೆಯಿಂದ ಕೋರ್ಟಿಗೆ ಕರೆತರುವಾಗ ಆರೋಪಿಯ ಮುಖಕ್ಕೆ ಮುಸುಕು ಹಾಕುವುದೂ ಇದಕ್ಕಾಗಿಯೇ. ಅವನ ಮಾನವನ್ನು ಕಾಯಲೆಂದಲ್ಲ. ಇಷ್ಟೆಲ್ಲ ಜೋಪಾನವೂ, ಪೆರೇಡು ತಿಂಗಳುಗಟ್ಟಲೆ ತಡವಾದಾಗ ಅಥವಾ ಪತ್ರಿಕೆಯಲ್ಲಿ ಪಟ ಅಚ್ಚಾದಾಗ ಒಂದೇ ಕ್ಷಣದಲ್ಲಿ ವ್ಯರ್ಥವಾಗುವುದು. ಅಂಥ ಪೆರೇಡುಗಳನ್ನು ನಮ್ಮ ಹೈಕೋರ್ಟುಗಳು ಬದಿಗೊತ್ತಿದ ನಿದರ್ಶನಗಳಿಗೆ ಕೊರತೆಯಿಲ್ಲ.

ಆದರೆ ಈ ಪದ್ಧತಿಯ ನಡುವೆಯೇ ಒಂದು ವಿಚಿತ್ರವು ಕುಳಿತಿದೆ. ಪೆರೇಡಿನಲ್ಲಿ ಹಿಡಿದ ಗುರುತು ಮೂಲಸಾಕ್ಷ್ಯವಲ್ಲ. ಅದು ಸಾಕ್ಷಿಯು ಮುಂದೆ ಕೋರ್ಟಿನಲ್ಲಿ ಹೇಳುವ ಮಾತಿಗೆ ಬೆಂಬಲ ಮಾತ್ರ. ಮೂಲಸಾಕ್ಷ್ಯವೆಂದರೆ ಕೋರ್ಟಿನಲ್ಲಿ ನಿಂತು ಗುರುತಿಸುವುದು. ಬುಧಸೇನನ ಮೊಕದ್ದಮೆಯಲ್ಲಿ 1970ರಲ್ಲಿ ಸುಪ್ರೀಂ ಕೋರ್ಟು ಇದನ್ನು ವಿಶದಪಡಿಸಿತು. ಹಾಗೆ ಕೋರ್ಟಿನಲ್ಲಿ ಮೊದಲ ಸಲ ಹಿಡಿದ ಗುರುತು ಸ್ವಭಾವತಃ ದುರ್ಬಲವಾದದ್ದೆಂಬುದನ್ನೂ ಅದು ಬಲ್ಲದು, ಹೇಳಿಯೂ ಇದೆ. ಹೀಗಿದ್ದೂ ಘಟನೆಯಾಗಿ ಹಲವು ವರ್ಷಗಳು ಉರುಳಿದ ಮೇಲೆ, ಸಾಲಿಲ್ಲದೆ, ಹೋಲಿಕೆಯವರಿಲ್ಲದೆ, ಇಬ್ಬರು ಪೋಲೀಸರ ನಡುವೆ ಒಬ್ಬನೇ ನಿಂತಿರುವವನ ಕಡೆಗೆ ಸಾಕ್ಷಿಯು ತಿರುಗಿ ಕೈತೋರುವ ಆ ಗಳಿಗೆಗೇ ಕಾನೂನು ಪ್ರಧಾನಸ್ಥಾನವನ್ನು ಕೊಟ್ಟಿದೆ. 1860ರಲ್ಲಿ ಲಂಡನ್ನಿನ ಪೋಲೀಸರೇ ಅನ್ಯಾಯವೆಂದು ಬಿಟ್ಟುಕೊಟ್ಟ ಕ್ರಮ ಇದು. ಸಾಕ್ಷ್ಯವೆಲ್ಲವೂ ನ್ಯಾಯಾಧೀಶನ ಕಣ್ಣೆದುರಿಗೆ, ಪ್ರಮಾಣದ ಮೇಲೆ, ಪಾಟೀಸವಾಲಿಗೆ ಒಳಗಾಗಿ ಬರಬೇಕೆಂಬ ತತ್ತ್ವದಿಂದ ಇದು ಹುಟ್ಟಿತೆಂಬುದು ದಿಟ. ಆ ತತ್ತ್ವವೂ ಸುಳ್ಳುಗಾರನನ್ನೇ ಗುರಿಯಾಗಿಟ್ಟುಕೊಂಡದ್ದು. ಸುಳ್ಳನ್ನು ಪಾಟೀಸವಾಲು ಸೀಳಬಹುದು. ತಾನು ಕಂಡದ್ದು ನಿಜವೆಂದು ಮನಸಾರೆ ನಂಬಿದವನನ್ನು ವಕೀಲನು ಹಿಂಡಿದಷ್ಟೂ ಅವನ ನಂಬಿಕೆ ಗಟ್ಟಿಯಾಗುವುದು.

2005ರ ತಿದ್ದುಪಡಿಯು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಗೆ 54ಎ ಎಂಬ ಹೊಸ ಕಲಮನ್ನು ಸೇರಿಸಿ, ಬಂಧಿತನನ್ನು ಗುರುತಿಗೆ ಒಳಪಡಿಸಲು ನ್ಯಾಯಾಲಯವು ಆಜ್ಞಾಪಿಸಬಹುದೆಂಬ ಸ್ಪಷ್ಟ ಅಧಿಕಾರವನ್ನು ಕೊಟ್ಟಿತು. ಸ್ಟೀಫನ್ನನ ಶಾಸನದ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಜಾರಿಗೆ ಬಂದಿದೆ. ಹಳೆಯ 9ನೆಯ ಕಲಂ ಅದರಲ್ಲಿ 7ನೆಯದಾಗಿದೆ. ಕಟಕಟೆಯ ಗುರುತಿನ ವಿಷಯದಲ್ಲಿ ಅದು ಹೊಸದಾಗಿ ಏನನ್ನೂ ಹೇಳಿಲ್ಲ.